ಆಸ್ಟಿನ್ನಿನ ಬಿಸಿಲಿಗೆ ಹಾಕಿದ ಸಂಡಿಗೆ

ಆಸ್ಟಿನ್ನಿನಲ್ಲಿ ಸೋಲಾರ್ ಕರೆಂಟು ಕಡಿಮೆಯಾದದ್ದು ನನ್ನ ಸಂಡಿಗೆಯಿಂದ. ಹೆಕ್ಟರ್ ಎಂಬ ಮನುಷ್ಯನ ಕೈಕೆಲಸದಲ್ಲಿ ಯಾವ ಕೊರತೆಯೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಗದಗಿನಲ್ಲಿ ಈ ಸುದ್ದಿ ಬೇರೆ ಬೇರೆ ವೇಷ ಹಾಕಿಕೊಂಡು ಓಡಾಡುತ್ತಿದೆ. ನಾನು ಅಮೆರಿಕದ ಕರೆಂಟನ್ನೇ ಸುಟ್ಟು ಬಂದೆ ಅಂತ ಒಬ್ಬರು, ಅಲ್ಲಿನ ಸರ್ಕಾರ ನನ್ನನ್ನು ಕರೆದು ಶಾಲು ಹೊದಿಸಿತು ಅಂತ ಇನ್ನೊಬ್ಬರು. ಸುಟ್ಟಿಲ್ಲ. ಹೊದಿಸಿಯೂ ಇಲ್ಲ. ಶಾಲು ನಾನೇ ಹೊದ್ದುಕೊಂಡಿದ್ದೆ, ಅವರ ಎ.ಸಿ. ಚಳಿಗೆ.

ಲೂಯಿಸ್‌ವಿಲ್

ನನ್ನ ಮಗಳು ಗಿರಿಜಾ ಇರುವುದು ಡಲ್ಲಾಸ್ ಮಗ್ಗುಲಿನ ಈ ಊರಿನಲ್ಲಿ. ಒಂದು ದೊಡ್ಡ ಕೆರೆ ಇದೆ, ಕೆರೆಯ ಸುತ್ತ ಒಂದೇ ಅಚ್ಚಿನಲ್ಲಿ ಒತ್ತಿ ತೆಗೆದಂಥ ಮನೆಗಳಿವೆ. ಬಂದ ಮರುದಿನ ಸ್ನಾನ ಮಾಡಿ, ಸೀರೆ ಹಿಂಡಿ, ಹಿತ್ತಲಿನ ಬೇಲಿಯ ಮೇಲೆ ಹರವಿದೆ. ಸೀರೆ ಒಣಗುವುದರೊಳಗೆ ಪಕ್ಕದ ಮನೆಯ ಹೆಂಗಸು ಬಂದು ಗಿರಿಜಾಳ ಜೊತೆ ನಗುನಗುತ್ತ ಮಾತಾಡಿ ಹೋದಳು. ಎಂಥ ಒಳ್ಳೆಯ ಮಂದಿ ಅಂದುಕೊಂಡೆ.

"ಯವ್ವಾ, ಆಕಿ ದೂರು ಕೊಡಾಕ ಬಂದಿದ್ಲು," ಅಂದಳು ಗಿರಿಜಾ. "ಇಲ್ಲೆ ಹೊರಗ ಬಟ್ಟಿ ಒಣ ಹಾಕಂಗಿಲ್ಲ."

"ನಗಾಕತ್ತಿದ್ಲಲ್ಲ?"

"ಇಲ್ಲೆ ನಕ್ಕೋತನ ದೂರು ಕೊಡ್ತಾರ."

"ಮತ್ತ ಇಷ್ಟ ಬಿಸಿಲು ಯಾಕೈತಿ?"

"ನೋಡಾಕ."

ಬಟ್ಟೆ ಒಣಗಿಸಲು ಇವರ ಮನೆಯಲ್ಲಿ ಡ್ರೈಯರ್ ಅಂತ ಒಂದು ಯಂತ್ರವಿದೆ. ಅದನ್ನು ಹಗಲು ಹಚ್ಚುವುದಿಲ್ಲ. ಟೆಕ್ಸಾಸಿನ ಪಡುವಣ ಭಾಗದಲ್ಲಿ ಸಾಲುಸಾಲು ಗಾಳಿಕಂಬಗಳಿವೆಯಂತೆ, ರಾತ್ರಿ ಗಾಳಿ ಜೋರಂತೆ, ಅದಕ್ಕೆ ಇವರ ಕಂಪನಿ ರಾತ್ರಿ ಕರೆಂಟನ್ನು ಪುಕ್ಕಟೆ ಕೊಡುತ್ತದಂತೆ. ಹಾಗಾಗಿ ಹಗಲೆಲ್ಲ ಬಟ್ಟೆ ಕೂಡಿಟ್ಟು, ಊಟವಾದ ಮೇಲೆ ಒಗೆದು ಒಣಗಿಸುತ್ತಾರೆ. ಅಂದರೆ ಗಾಳಿಯಿಂದ ಕರೆಂಟು ಮಾಡಿ, ಕರೆಂಟಿನಿಂದ ಬಿಸಿಗಾಳಿ ಮಾಡಿ, ಆ ಗಾಳಿಯಲ್ಲಿ ಬಟ್ಟೆ ಒಣಗಿಸುವುದು. ಬಟ್ಟೆಯನ್ನೇ ಗಾಳಿಗೆ ಹಾಕಿದರೆ ಆಗುವುದಿಲ್ಲವೇನು ಅಂತ ಕೇಳಿದೆ. "ಹಂಗ ಮಾಡಿದ್ರ ನಡುವ ಇಷ್ಟ ಮಂದಿಗೆ ಕೆಲಸ ಎಲ್ಲಿರ್ತಿತ್ರಿ ಅತ್ತಿ?" ಅಂದ ಅಳಿಯ. ಅದೂ ಖರೆ.

ಗಾಳಿಕಂಬ ನನಗೆ ಹೊಸದಲ್ಲ. ಗದಗಿನ ಆಚೆ ಗುಡ್ಡದ ಮೇಲೆ ಅವು ಎದ್ದು ನಿಂತಾಗ ನಾನು ಖಾನಾವಳಿ ನಡೆಸುತ್ತಿದ್ದೆ. ಕ್ರೇನಿನವರು, ತಂತಿಯವರು, ಲಾರಿಯವರು, ಎಲ್ಲರಿಗೂ ನಮ್ಮದೇ ರೊಟ್ಟಿ. ರೊಟ್ಟಿ ಬಡಿಯಲು ಹೊಸದಾಗಿ ಹೆಂಗಸರನ್ನು ಇಟ್ಟುಕೊಂಡೆ. ಕಂಬ ನಿಂತವು, ಮಂದಿ ಹೋದರು, ಹೆಂಗಸರಿಗೆ ನಾಳೆಯಿಂದ ಬರಬೇಡಿ ಅನ್ನುವ ಕೆಲಸ ನನಗೆ ಉಳಿಯಿತು. ಹೊಲ ಇದ್ದವರಿಗೆ ಹೊಲದ ಬಾಡಿಗೆ ಬಂತು. ಆ ಗುಡ್ಡದಲ್ಲಿ ಕುರಿ ಮೇಯಿಸುತ್ತಿದ್ದವರ ಪೈಕಿ ಒಬ್ಬನಿಗೆ ವಾಚ್‌ಮನ್ ಕೆಲಸ ಸಿಕ್ಕಿತು: ಉಳಿದವರ ಕುರಿ ಒಳಗೆ ಬರದಂತೆ ಕಾಯುವುದು.

ಇದನ್ನು ಹೇಳಿದಾಗ ಮೊಮ್ಮಗಳು ಪಲ್ಲವಿ ಫೋನು ಕೆಳಗಿಟ್ಟು ಕೇಳಿದಳು. ಅವಳು ಬೆಳೆದದ್ದು ಇಲ್ಲೇ, ಈಗ ಆಸ್ಟಿನ್ನಿನಲ್ಲಿ ಓದುತ್ತಾಳೆ.

"ಅಜ್ಜಿ, ದಟ್ಸ್ ಮೈ ಸಬ್ಜೆಕ್ಟ್! ಕೋಲ್, ಆಯಿಲ್ ಎಲ್ಲಾ ಬಿಟ್ಟು ಸನ್, ವಿಂಡ್‌ಗೆ ಶಿಫ್ಟ್ ಆಗಬೇಕಲ್ಲಾ, ಆವಾಗ ಬಡವರಿಗೆ ಅನ್ಯಾಯ ಆಗಬಾರ್ದು. ಅದಕ್ಕ ಸರ್ಕಾರ ಏನ ಮಾಡಬೇಕು ಅಂತ."

"ಎಷ್ಟ ವರ್ಷದ ಓದು?"

"ಟೂ ಇಯರ್ಸ್."

"ಎರಡ ವರ್ಷದಾಗ ಮುಗಿತೈತಿ?"

"ಕೋರ್ಸ್ ಮುಗಿತೈತಿ, ಅಜ್ಜಿ."

ಹುಡುಗಿಗೆ ಬುದ್ಧಿ ಇದೆ ಅಂತ ಆಗಲೇ ಗೊತ್ತಾಯಿತು. ಅವಳ ರಜೆ ಮುಗಿಯುವುದರಲ್ಲಿತ್ತು. ಹೂಸ್ಟನ್ನಿನಲ್ಲಿ ಒಬ್ಬರನ್ನು ಕಾಣುವುದಿದೆ, ಅಲ್ಲಿಂದ ಆಸ್ಟಿನ್ನಿಗೆ ಹೋಗುತ್ತೇನೆ, ನೀನೂ ಬಾ ಅಂದಳು. ಪಕ್ಕದ ಊರು ಕ್ಯಾರಲ್ಟನ್ನಿನ ನಮ್ಮವರ ಅಂಗಡಿಯಲ್ಲಿ ಸಾಬೂದಾಣಿ, ಜೀರಿಗೆ, ಹಸಿಮೆಣಸಿನಕಾಯಿ ಕಟ್ಟಿಸಿಕೊಂಡು ಹೊರಟೆ.

ಹೂಸ್ಟನ್

ಇದು ಎಣ್ಣೆಯ ಊರು. ಅಡಿಗೆ ಎಣ್ಣೆಯಲ್ಲ, ನೆಲದಿಂದ ತೆಗೆಯುವುದು. ಇಳಿದುಕೊಂಡದ್ದು ಅಳಿಯನ ಅಣ್ಣ ಬಸವರಾಜನ ಮನೆಯಲ್ಲಿ. ಅವನು ಒಂದು ಎಣ್ಣೆ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ. ಮನೆಯೊಳಗೆ ಶಾಲು ಹೊದ್ದು ಕೂತೆ, ಹೊರಗೆ ಬಂದರೆ ಬೆವರು. ಮನೆಯ ಮಾಡಿನ ಮೇಲೆ ತುಂಬ ಸೋಲಾರ್ ಹಲಗೆಗಳು.

"ಎಣ್ಣಿ ಕಂಪನಿಯವನ ಮನಿ ಮ್ಯಾಲೆ ಇವು ಯಾಕಪಾ?"

"ಹಾಕಿಸಿದವರಿಗೆ ತೆರಿಗಿ ಒಳಗ ಸರ್ಕಾರ ರೊಕ್ಕ ಬಿಡ್ತೈತ್ರಿ, ಅತ್ತಿಯವರ. ಹಾಕಸದಿದ್ರ ನಮಗ ಲುಕ್ಸಾನು."

"ಮನಿ ಇಲ್ಲದವರಿಗೆ?"

"ಅವರಿಗೆ ಎಲ್ಲಿ ಹಾಕ್ತಾರ್ರಿ?" ಅಂತ ಅವನೇ ನಕ್ಕ. ನನಗೂ ನಗು ಬಂತು. ಮಾಡು ಇದ್ದವನಿಗೆ ಮಾಡಿನ ಮೇಲೆ ಉಡುಗೊರೆ.

ಎಣ್ಣೆಯ ಬೆಲೆ ಬಿದ್ದು ಬಾವಿ ತೋಡುವವರಿಗೆಲ್ಲ ಕೆಲಸ ಹೋದ ಸಮಯ ಅದು. ಬಸವರಾಜ ಊಟಕ್ಕೆ ಕೂತಾಗ ಆ ಮಾತು ಬಂತು. ಕಾಲ ಬದಲಾಗುತ್ತಿದೆ, ಕೆಲಸಗಾರರೂ ಬದಲಾಗಬೇಕು ಅಂದ. ನೀನು ಏನು ಬದಲಾದಿ ಅಂತ ಕೇಳಿದೆ. ಸ್ವಲ್ಪ ಯೋಚನೆ ಮಾಡಿ, "ಕಾರು ಬದಲ ಮಾಡೀನ್ರಿ, ಕರೆಂಟಿನ ಮ್ಯಾಲೆ ಓಡೂದು," ಅಂದ. ಒಳ್ಳೆಯ ಕಾರು. ಅದಕ್ಕೂ ಸರ್ಕಾರ ತೆರಿಗೆಯಲ್ಲಿ ದುಡ್ಡು ಬಿಟ್ಟಿತ್ತಂತೆ.

ದಾರಿಯಲ್ಲಿ

ಪಲ್ಲವಿ ತನ್ನ ಓದಿಗಾಗಿ ಕಾಣಬೇಕಿದ್ದ ಮನುಷ್ಯನೇ ಹೆಕ್ಟರ್. ಎಣ್ಣೆ ಬಾವಿಯಲ್ಲಿ ದುಡಿದವನು, ಕೆಲಸ ಹೋದ ಮೇಲೆ ಸರ್ಕಾರದ ಖರ್ಚಿನಲ್ಲಿ ಸೋಲಾರ್ ಕೆಲಸ ಕಲಿತವನು. ಸಂಸಾರ ಹೂಸ್ಟನ್ನಿನಲ್ಲಿ, ಕೆಲಸ ಆಸ್ಟಿನ್ನಿನಲ್ಲಿ. ವಾರದ ಕೊನೆಗೆ ಮನೆಗೆ ಬಂದು ಸೋಮವಾರ ವಾಪಸು ಹೋಗುತ್ತಾನೆ. ಆ ಸೋಮವಾರ ನಮ್ಮ ಕಾರಿನಲ್ಲೇ ಬಂದ. ದಪ್ಪ ಕತ್ತು, ಸಣ್ಣ ದನಿ. ನನ್ನನ್ನು ಅಬುವೆಲಾ ಅಂತ ಕರೆದ. ಅವನ ಸ್ಪ್ಯಾನಿಷ್ ಮಾತಿನಲ್ಲಿ ಅಜ್ಜಿ ಅಂತ. ಮಾತೆಲ್ಲ ಪಲ್ಲವಿಯ ಮೂಲಕ.

"ಹೊಸಾ ಕೆಲಸದಾಗ ಪಗಾರ ಹೆಂಗ ಕೇಳು."

"ಮೊದಲಿನ ಅರ್ಧ ಅಂತ, ಅಜ್ಜಿ."

"ಇದಕ್ಕ ನಿಮ್ಮ ಪುಸ್ತಕದಾಗ ನ್ಯಾಯ ಅಂತಾರೇನು?"

"ಟ್ರೇನಿಂಗ್ ಫ್ರೀ ಕೊಟ್ಟಾರಲ್ಲಾ!"

ಟ್ರೇನಿಂಗ್ ಅನ್ನುವುದು ಹೆಕ್ಟರನಿಗೆ ಕೇಳಿಸಿತು. ಏನೋ ಅಂದು ನಕ್ಕ. ಪಲ್ಲವಿ ಅದನ್ನು ಕನ್ನಡಕ್ಕೆ ತಿರುಗಿಸಿದಳು. "ಕೆಲಸಕ್ಕ ಅರ್ಜಿ ಬರೆಯೋದು ಮೂರು ಸಲ ಕಲಿಸಿದ್ರಂತ. ವೈರ್ ಜೋಡಸೋದು ಒಂದ ಸಲ."

ಆದರೆ ಕಲಿತಿದ್ದ. ಆಸ್ಟಿನ್ನಿನ ಒಂದು ಬಾಡಿಗೆ ವಠಾರದ ಹಿಂದೆ ಹಲಗೆಗಳ ಸಾಲು ನಿಲ್ಲಿಸಿದ್ದಾರೆ, ಅದರ ತಂತಿ ಪೂರಾ ತಾನೊಬ್ಬನೇ ಜೋಡಿಸಿದ್ದು ಅಂದ. ಅದು ಪರೀಕ್ಷೆಗೆ ಹಾಕಿದ ಸಾಲು. ಚೆನ್ನಾಗಿ ನಡೆದರೆ ಗುತ್ತಿಗೆದಾರ ಅವನನ್ನು ಕಾಯಂ ಮಾಡಿಕೊಳ್ಳುತ್ತಾನೆ. ಕಾಯಂ ಆದರೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದು. ಇಲ್ಲವೆಂದರೆ ಇಲ್ಲ. ಮಕ್ಕಳ ಫೋಟೋ ತೋರಿಸಿದ. ಕೊನೆಯದು ಅಪ್ಪನ ಹಾಗೇ ದಪ್ಪ ಕತ್ತಿನದು.

ಆ ವಠಾರದಲ್ಲೇ ಪಲ್ಲವಿಯ ಬಾಡಿಗೆ ಮನೆ.

ಆಸ್ಟಿನ್

ವಠಾರದಲ್ಲಿ ಬಸ್ ಓಡಿಸುವವರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ಪಲ್ಲವಿಯಂಥ ಓದುವ ಹುಡುಗರು. ಕೆಳಗಿನ ಮನೆಯ ರೋಸಾ ಆಫೀಸುಗಳ ನೆಲ ಒರೆಸುತ್ತಾಳೆ. ಇವರಿಗೆ ಸ್ವಂತದ ಮಾಡು ಇಲ್ಲ. ಆದ್ದರಿಂದ ಹಿಂದಿನ ಖಾಲಿ ಜಾಗದಲ್ಲಿ ಸರ್ಕಾರದ ದುಡ್ಡಿನಲ್ಲಿ ಹಲಗೆ ನಿಲ್ಲಿಸಿ, ಬಂದ ಕರೆಂಟನ್ನು ಮನೆಮನೆಗೆ ಹಂಚಿ ಬಿಲ್ಲಿನಲ್ಲಿ ಕಳೆಯುವ ಏರ್ಪಾಡು. ಒಳ್ಳೆಯ ಕೆಲಸ. ಇದರಲ್ಲಿ ನನ್ನದು ಯಾವ ಕೊಂಕೂ ಇಲ್ಲ. ಬಸವರಾಜನ ಮಾಡಿಗೆ ಕೊಟ್ಟ ಮೇಲಾದರೂ ಇವರ ನೆನಪಾಯಿತಲ್ಲ.

ಪಲ್ಲವಿ ಕಾಲೇಜಿಗೆ ಹೋದ ಮೇಲೆ ನಾನು ಸಾಬೂದಾಣಿ ಬೇಯಿಸಿದೆ. ಬಾಲ್ಕನಿಯಲ್ಲಿ ಬಟ್ಟೆ ಹಾಸಿ ಸಂಡಿಗೆ ಇಡುತ್ತಿದ್ದಂತೆ ವಠಾರ ನೋಡಿಕೊಳ್ಳುವ ಹೆಂಗಸು, ಮ್ಯಾನೇಜರ್ ಬಾಯಿ, ಕೆಳಗಿನಿಂದ ಕೈ ಆಡಿಸಿದಳು. ನಗುತ್ತಿದ್ದಳು. ಈಗ ನನಗೆ ಆ ನಗು ಗೊತ್ತಿತ್ತು. ಎತ್ತಿಕೊಂಡೆ.

ಬೇಯಿಸಿದ ಹಿಟ್ಟು ಕಾಯುವುದಿಲ್ಲ. ಪಾತ್ರೆ ಹಿಡಿದು ಹಿಂದುಗಡೆ ಹೋದೆ. ಅಲ್ಲಿ ಕಂಡೆ: ಸೊಂಟದೆತ್ತರಕ್ಕೆ, ತೆಂಕಣ ಮುಖ ಮಾಡಿ, ಕರ್ರಗೆ, ಗಾಜಿನ ಹಾಗೆ ನುಣ್ಣಗೆ, ಸಂಡಿಗೆ ಜಾರದಷ್ಟೇ ಇಳಿಜಾರಾಗಿ ಮಲಗಿದ ಹಲಗೆಗಳು. ಮುಟ್ಟಿದರೆ ಹಂಚು ಕಾದ ಹಾಗೆ. ನಾಯಿ ಏರುವುದಿಲ್ಲ, ಧೂಳಿಲ್ಲ, ಗಿಡದ ನೆರಳಿಲ್ಲ. ಇದರ ಮೇಲೆ ಬರಿಯ ಬಿಸಿಲು ಬೀಳುತ್ತಿದೆ, ಯಾರೂ ಏನೂ ಒಣ ಹಾಕಿಲ್ಲ. ಇಷ್ಟು ದೊಡ್ಡ ದೇಶ, ಇಷ್ಟು ದಡ್ಡತನ. ಊರಿನಿಂದ ತಂದಿದ್ದ ಧೋತರವನ್ನು ತೊಳೆದು ಹಿಂಡಿ ಹಾಸಿ, ತುದಿಗಳನ್ನು ಚೌಕಟ್ಟಿಗೆ ಕಟ್ಟಿ, ಸಾಲಾಗಿ ಸಂಡಿಗೆ ಇಟ್ಟೆ.

ಈ ಊರಿನಲ್ಲಿ ಕಾಗೆಗಿಂತ ಸಣ್ಣ, ಉದ್ದ ಬಾಲದ ಕರಿ ಹಕ್ಕಿಗಳಿವೆ. ಬಾಗಿಲು ಕಿರುಗುಟ್ಟಿದಂತೆ ಕೂಗುತ್ತವೆ, ಕಳ್ಳತನದಲ್ಲಿ ನಮ್ಮ ಕಾಗೆಗೆ ಕಡಿಮೆಯಿಲ್ಲ. ಪೊರಕೆಯ ಕೋಲು ಹಿಡಿದು ಮೆಟ್ಟಿಲ ಕೆಳಗಿನ ನೆರಳಲ್ಲಿ ಕೂತು ಕಾದೆ. ಬಿಸಿಲು ಇಳಿಯುತ್ತಲೇ ಮಡಚಿ ಒಳಗೆ ತಂದೆ. ಮರುದಿನವೂ ಹಾಕಿದೆ, ಅದರ ಮರುದಿನವೂ. ವಠಾರದವರೆಲ್ಲ ದುಡಿಯಲು ಹೋಗಿರುತ್ತಿದ್ದರು. ಮ್ಯಾನೇಜರ್ ಬಾಯಿ ಎ.ಸಿ. ಬಿಟ್ಟು ಹಿಂದುಗಡೆ ಬರುವವಳಲ್ಲ. ಪಲ್ಲವಿ ಸಂಜೆ ಬಂದು ಡಬ್ಬಿ ತುಂಬುತ್ತಿರುವುದನ್ನು ನೋಡಿ ಖುಷಿಪಟ್ಟಳೇ ಹೊರತು, ಎಲ್ಲಿ ಒಣಗಿತು ಅಂತ ಕೇಳಲಿಲ್ಲ.

ಆ ವಾರದಲ್ಲೇ ಒಂದು ಸಂಜೆ ಅವಳು ಮುಖ ಇಳಿಬಿಟ್ಟುಕೊಂಡು ಬಂದಳು, ಹಿಂದೆ ಹೆಕ್ಟರ್. ಆ ಸಾಲಿನ ಕರೆಂಟು ದಿನಾ ಬೆಳಿಗ್ಗೆ ಕುಸಿದು ಸಂಜೆ ಹೊತ್ತಿಗೆ ಸುಧಾರಿಸುತ್ತಿದೆಯಂತೆ. ಆಫೀಸಿನ ಪರದೆಯಲ್ಲಿ ಕಾಣುತ್ತದಂತೆ. ಗುತ್ತಿಗೆದಾರನ ಮಂದಿ ಎರಡು ಸಲ ನೋಡಲು ಬಂದಿದ್ದರು, ಎರಡು ಸಲವೂ ಬಿಸಿಲು ತಂಪಾದ ಮೇಲೆ. ಬಿಸಿಲಿನ ಯಂತ್ರವನ್ನು ಬಿಸಿಲಿನಲ್ಲಿ ನೋಡಬೇಕು ಅಂತ ಯಾರಿಗೂ ಹೊಳೆದಿಲ್ಲ. ಏನೂ ಸಿಗದಿದ್ದಾಗ ತಂತಿ ಜೋಡಿಸಿದವನದೇ ತಪ್ಪು ಅಂದರು. ಸೋಮವಾರದಿಂದ ಬರುವುದು ಬೇಡ ಅಂದರು.

ಅವನಿಗೆ ಬಡಿಸಿದೆ. ಅನ್ನ, ಸಾರು, ಕರಿದ ಸಂಡಿಗೆ. ದುಃಖದಲ್ಲಿದ್ದರೂ ಸಂಡಿಗೆ ಚೆನ್ನಾಗಿ ತಿಂದ. ತಿನ್ನುತ್ತ ಪಲ್ಲವಿಗೆ ಏನೋ ವಿವರಿಸಿದ, ಅವಳು ನನಗೆ ಹೇಳಿದಳು.

"ಒಂದು ಸಾಲು ಅಂದ್ರ ದೀಪಾವಳಿ ಲೈಟಿನ ಸರ ಇದ್ದಂಗ, ಅಜ್ಜಿ. ಒಂದರ ಮ್ಯಾಲೆ ನೆಳ್ಳು ಬಿದ್ರ ಪೂರಾ ಸಾಲು ಕೆಳಗ ಬರ್ತೈತಿ. ಆದ್ರ ಅಲ್ಲಿ ಗಿಡನ ಇಲ್ಲ. ನೆಳ್ಳು ಎಲ್ಲಿಂದ ಬರಬೇಕು?"

ಹೆಕ್ಟರ್ ಇನ್ನೊಂದು ಸಂಡಿಗೆ ಮುರಿದು ಬಾಯಿಗೆ ಹಾಕಿಕೊಂಡ. ನಾನು ಅವನ ಕೈ ನೋಡುತ್ತಿದ್ದೆ.

"ಪಲ್ಲವಿ, ಆತಗ ಕೇಳು. ಧೋತರ ಹಾಸಿದ್ರ?"

"ಯಾವ ಧೋತರ?"

"ಸಂಡಿಗಿ ಧೋತರ."

ಅವಳಿಗೆ ತಿಳಿಯಿತು. ಕೈ ಹಣೆಗೆ ಹೋಯಿತು. ಇಂಗ್ಲಿಷಿನಲ್ಲಿ ಹೇಳಿದಳು. ಹೆಕ್ಟರ್ ಅಗಿಯುವುದನ್ನು ನಿಲ್ಲಿಸಿದ. ತಟ್ಟೆ ನೋಡಿದ, ನನ್ನ ಕಡೆ ನೋಡಿದ. ನಗುತ್ತಾನೆ ಅಂದುಕೊಂಡೆ, ನಗಲಿಲ್ಲ.

"ಏನಂತಾನ?"

"ಚೌಕಟ್ಟಿಗೆ ಒದ್ದಿ ಬಟ್ಟಿ ಕಟ್ಟೀ ಅಂತ. ಶಾಕ್ ಹೊಡೆದು ಸಾಯತಿದ್ದಿ ಅಂತ."

"ಸತ್ತಿಲ್ಲ. ಆತನ ತಂತಿ ಕೆಲಸ ಚಲೋ ಐತಿ ಅಂತ ಹೇಳು."

ಆಗ ನಕ್ಕ. ಮತ್ತೊಂದು ಸಂಡಿಗೆ ತೆಗೆದುಕೊಂಡ.

ಗುತ್ತಿಗೆದಾರನಿಗೆ ಆಗಲೇ ಫೋನು ಮಾಡಿದರು. ಕೆಲಸ ಹೋಗುವಾಗ ಎಲ್ಲರೂ ಕಥೆ ಕಟ್ಟುತ್ತಾರೆ, ಆದರೆ ಮುದುಕಿಯನ್ನು ಮುಂದೆ ಮಾಡಿ ಕಥೆ ಕಟ್ಟಿದವನು ಇವನೇ ಮೊದಲು ಅಂದನಂತೆ.

ಮೀಟಿಂಗು

ಯೋಜನೆಯ ಬಗ್ಗೆ ವಠಾರದವರ ಮಾತು ಕೇಳಲು ಅಧಿಕಾರಿಗಳು ಮರುದಿನ ಒಂದು ಸಭೆ ಇಟ್ಟಿದ್ದರು. ಪಲ್ಲವಿಗೆ ಅದು ಪಾಠದ ಭಾಗ. ಈ ಸಲ ನನ್ನನ್ನೂ ಹೆಕ್ಟರನನ್ನೂ ಕರೆದುಕೊಂಡು ಹೋದಳು. ದುಡಿಯುವ ದಿನ, ದುಡಿಯುವ ಹೊತ್ತು. ದೊಡ್ಡ ಕೋಣೆ, ಸಾಲುಸಾಲು ಕುರ್ಚಿ, ಕಾಫಿ, ಬಿಸ್ಕೀಟು. ಪಲ್ಲವಿಯನ್ನು ಬಿಟ್ಟರೆ ವಠಾರದವರ ಪೈಕಿ ಕೂತವಳು ನಾನೊಬ್ಬಳೇ, ಅದೂ ನೆಂಟಸ್ತನದ ಮೇಲೆ. ನನ್ನ ಸೆರಗಿಗೆ ನಿವಾಸಿ ಅಂತ ಚೀಟಿ ಅಂಟಿಸಿದರು.

ಲಿಂಡಾ ಅಂತ ಅಧಿಕಾರಿ. ಬಿಳಿ ಕೂದಲು, ಮಿದು ಮಾತು, ಪ್ರಾಮಾಣಿಕ ಹೆಂಗಸು. ಗೋಡೆಯ ಮೇಲೆ ಚಿತ್ರ ಬಿಟ್ಟು ನ್ಯಾಯ, ನ್ಯಾಯ ಅಂತ ಬಹಳ ಸಲ ಅಂದಳು. ಬಾಡಿಗೆಯವರನ್ನು ಸಭೆಗೆ ತರುವುದೇ ಕಷ್ಟವಾಗಿದೆ, ಅವರಿಗೆ ಆಸಕ್ತಿ ಹುಟ್ಟಿಸುವುದು ಹೇಗೆ ಅಂತ ನಮ್ಮನ್ನೇ ಕೇಳಿದಳು.

"ಆಕಿಗೆ ಹೇಳು," ಅಂದೆ ಪಲ್ಲವಿಗೆ. "ನಮ್ಮ ಕೆಳಗಿನ ಮನಿ ರೋಸಾ ಬಂದಾಳ. ಹೊರಗ ಪಡಸಾಲಿ ಒರಸಾಕತ್ತಾಳ. ಬರೂ ಮುಂದ ನನ್ನ ನೋಡಿ ಕೈ ಮಾಡಿದ್ಲು."

ಪಲ್ಲವಿ ಹೇಳಿದಳು. ಒಂದಿಬ್ಬರು ಬಾಗಿಲ ಕಡೆ ತಿರುಗಿದರು. ಲಿಂಡಾ ಕೆಂಪಾದಳು, ಏನೋ ಬರೆದುಕೊಂಡಳು. ಅದೇ ಸಂದಿನಲ್ಲಿ ನಾನು ಎದ್ದು ನಿಂತು ಧೋತರದ ವಿಷಯ ಶುರುವಿನಿಂದ ಕೊನೆತನಕ ಹೇಳಿದೆ. ಡಬ್ಬಿ ತೆಗೆದು ಒಣ ಸಂಡಿಗೆಯನ್ನೂ ತೋರಿಸಿದೆ. ಎಲ್ಲರೂ ಒಂದೊಂದು ಕೈಯಲ್ಲಿ ಹಿಡಿದು ಬೆಳಕಿಗೆ ನೋಡಿದರು. ಒಬ್ಬ ಕರಿಯದ್ದನ್ನೇ, ಎಣ್ಣೆ ಕಾಣದ್ದನ್ನೇ ಕಚ್ಚಿದ.

ಲಿಂಡಾಳ ಮುಖ ಅರಳಿತು. ನಿವಾಸಿಗಳು ಯೋಜನೆಯನ್ನು ತಮ್ಮದೇ ಅಂತ ಬಳಸುತ್ತಿದ್ದಾರೆ, ಇದು ಬಹಳ ಮುಖ್ಯ ಅಂದಳು.

"ಅದನ್ನ ಆಮ್ಯಾಲೆ ಬರಕೊ," ಅಂದೆ. "ಮೊದಲ ಈತನ ಕೆಲಸದ್ದು ಹೇಳು."

ಗುತ್ತಿಗೆದಾರನ ಕಡೆಯವನು ಗಂಟಲು ಸರಿಮಾಡಿಕೊಂಡ. ಪರದೆಯಲ್ಲಿ ತಪ್ಪು ಕಂಡಿದೆ, ಧೋತರ ಕಂಡಿಲ್ಲ ಅಂದ. ವರದಿ ಹೋಗಿಯಾಗಿದೆ, ಕೆಲಸಗಾರನಿಗೆ ತರಬೇತಿ ಸಾಲದು ಅಂತ ಅದರಲ್ಲಿದೆ ಅಂದ. ಹೆಕ್ಟರ್ ತನ್ನ ಬೂಟು ನೋಡುತ್ತ ಕೂತಿದ್ದ. ಲಿಂಡಾ ಎರಡೂ ಕಡೆ ನೋಡಿ, ಇದನ್ನು ಪರಿಶೀಲಿಸಲು ಒಂದು ಸಣ್ಣ ಸಮಿತಿ ಮಾಡೋಣ, ಮುಂದಿನ ತಿಂಗಳು ಕೂತು ಮಾತಾಡೋಣ ಅಂದಳು.

ಮುಂದಿನ ತಿಂಗಳಿಗೆ ಅವನು ಇಲ್ಲಿರುವುದಿಲ್ಲ. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಎಲ್ಲರೂ ಕಾಫಿ ಕುಡಿದರು.

"ಸಮಿತಿ ಬ್ಯಾಡ," ಅಂದೆ. "ನಾಳಿ ಮುಂಜಾನೆ ಬಿಸಿಲು ಏರಿದ ಮ್ಯಾಲೆ ಬಾ. ನಿನ್ನ ಪರದೆ ಕೈಯಾಗ ಹಿಡಕೊಂಡು ಬಾ. ನಾ ಧೋತರ ಹಾಸ್ತೀನಿ, ನೀ ನೋಡು. ಸಂಜಿಕ ಬರಬ್ಯಾಡ."

ಆ ಹೊತ್ತಿನಲ್ಲಿ ಹೊರಗೆ ಬಹಳ ಬಿಸಿಲಿರುತ್ತದಲ್ಲ ಅಂದಳು ಲಿಂಡಾ.

"ಅದಕ್ಕ ಅಲ್ಲೆ ಇಟ್ಟೀರಿ."

ಇದನ್ನು ಪಲ್ಲವಿ ಹೇಗೆ ಹೇಳಿದಳೋ ಗೊತ್ತಿಲ್ಲ. ಹೆಕ್ಟರ್ ಮೊದಲು ನಕ್ಕ, ಆಮೇಲೆ ಲಿಂಡಾ. ಬರುತ್ತೇನೆ ಅಂದಳು.

ಮರುದಿನ ಬೆಳಿಗ್ಗೆ ಎದ್ದು, ನೆನೆಸಿಟ್ಟ ಸಾಬೂದಾಣಿ ಬೇಯಿಸಿ, ಉಪ್ಪು ನೋಡಿ, ಪಾತ್ರೆ ಹಿಡಿದು ಹಿಂದುಗಡೆ ಹೋದೆ. ಬಂದಿದ್ದರು. ಲಿಂಡಾ ಟೋಪಿ ಹಾಕಿದ್ದಳು, ಗುತ್ತಿಗೆದಾರನ ಕಡೆಯವನು ಟೈ ಸಡಿಲ ಮಾಡಿಕೊಂಡು ನಿಂತಿದ್ದ, ಹೆಕ್ಟರ್ ಕೈ ಕಟ್ಟಿ ದೂರ ನಿಂತಿದ್ದ. ಲಿಂಡಾಳ ಕೈಯಲ್ಲಿ ಸಣ್ಣ ಪರದೆ, ಅದರಲ್ಲಿ ಅಂಕಿಗಳು. ಹೆಕ್ಟರ್ ನನ್ನ ಧೋತರ ಒಣಗಿದೆಯೋ ಅಂತ ಮುಟ್ಟಿ ನೋಡಿ ಕೈಗೆ ಕೊಟ್ಟ, ಚೌಕಟ್ಟು ಮುಟ್ಟಬೇಡ ಅಂತ ಸನ್ನೆ ಮಾಡಿದ. ಹಾಸಿದೆವು. ಒಂದು ತುದಿಯನ್ನು ಲಿಂಡಾಳೇ ಹಿಡಿದಳು.

ಸಂಡಿಗೆ ಇಡುವುದಕ್ಕೂ ಕಾಯಬೇಕಾಗಲಿಲ್ಲ. ಧೋತರ ಬಿದ್ದ ಕೂಡಲೇ ಅಂಕಿ ಬಿತ್ತು. ತೆಗೆದೆವು, ಎದ್ದಿತು. ಹಾಸಿದೆವು, ಬಿತ್ತು. ಗುತ್ತಿಗೆದಾರನ ಕಡೆಯವನು ತಾನೇ ಒಮ್ಮೆ ಹಾಸಿ ನೋಡಿದ, ಅವನಿಗೂ ಬಿತ್ತು. ಬೆವರು ಒರೆಸಿಕೊಳ್ಳುತ್ತ ಫೋನು ಹಚ್ಚಿದ. ಮಾತು ಸ್ವಲ್ಪವೇ. ಮುಗಿಸಿ ಹೆಕ್ಟರನಿಗೆ ಏನೋ ಅಂದ.

"ಸೋಮವಾರ ಬಾ ಅಂದ, ಅಜ್ಜಿ," ಅಂದಳು ಪಲ್ಲವಿ. "ಆದ್ರ ಪರೀಕ್ಷಾ ಮತ್ತ ಮೊದಲಿನಿಂದ ಶುರು ಅಂತ."

ಹೆಕ್ಟರ್ ತಲೆ ಅಲ್ಲಾಡಿಸಿದ. ಸಂತೋಷಕ್ಕೋ ಬೇಸರಕ್ಕೋ, ಆ ಬಿಸಿಲಿನಲ್ಲಿ ತಿಳಿಯಲಿಲ್ಲ. ಹೆಂಡತಿಗೆ ಫೋನು ಹಚ್ಚುತ್ತ ನೆರಳಿನ ಕಡೆ ನಡೆದ.

ಲಿಂಡಾ ಧೋತರ ತೆಗೆದು ಮಡಚಲು ಕೈ ಹಾಕಿದಳು. ನಾನು ಬಿಡಲಿಲ್ಲ. ಬೇಯಿಸಿದ ಹಿಟ್ಟು ಪಾತ್ರೆಯಲ್ಲಿತ್ತು. ಇವರಿಗೆ ಬೇಕಾದ್ದು ಇವರು ನೋಡಿದರು, ನನಗೆ ಬೇಕಾದ್ದು ಇನ್ನೂ ಆಗಿರಲಿಲ್ಲ. ಧೋತರವನ್ನು ಹಲಗೆಯಿಂದ ಎತ್ತಿ ಪಕ್ಕದ ಸಿಮೆಂಟು ನೆಲದ ಮೇಲೆ ಹಾಸಿ, ಅಂಕಿ ಏರಿತೋ ಅಂತ ಕೇಳಿದೆ. ಏರಿತು ಅಂದರು. ಕೂತು ಸಂಡಿಗೆ ಇಟ್ಟೆ. ಮ್ಯಾನೇಜರ್ ಬಾಯಿ ಕಿಟಕಿಯಲ್ಲಿ ಕಂಡಳು. ಅಧಿಕಾರಿಯನ್ನು ನೋಡಿ ಪರದೆ ಎಳೆದುಕೊಂಡಳು.

ಆ ಉದ್ದ ಬಾಲದ ಹಕ್ಕಿಗಳು ತಂತಿಯ ಮೇಲೆ ಬಂದು ಕೂತವು. ಪೊರಕೆಯ ಕೋಲನ್ನು ಲಿಂಡಾಳ ಕೈಗೆ ಕೊಟ್ಟು, ಬಂದರೆ ಓಡಿಸು ಅಂತ ಸನ್ನೆ ಮಾಡಿ ತೋರಿಸಿ, ನಾನು ನೀರು ಕುಡಿಯಲು ಒಳಗೆ ಹೋದೆ.